ವಾಸನೆ ಬೇರೆ, ಘಾಟು ಬೇರೆ: ಕೆಳಗಿನ ಮನೆಯ ಸಿಗರೇಟ್ ಹೊಗೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾವು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದೇವೆ. ಕೆಳಗಿನ ಮನೆಯವರು ಬಾತ್‌ರೂಮಿನಲ್ಲಿ ಸಿಗರೇಟ್ ಸೇದುತ್ತಾರೆ. ಹೊಗೆ ಡಕ್ಟ್ ಮೂಲಕ ನಮ್ಮ ಮನೆಗೆ ಬರುತ್ತದೆ. ನನಗೆ ವಾಸನೆ ತಕ್ಷಣ ಗೊತ್ತಾಗುತ್ತದೆ, ಸ್ವಲ್ಪ ಹೊತ್ತಿಗೆ ಕಣ್ಣು ಉರಿಯುತ್ತದೆ. ನಮ್ಮತ್ತೆಗೆ 74 ವರ್ಷ. ಅವರಿಗೆ ವಾಸನೆ ಗೊತ್ತೇ ಆಗುವುದಿಲ್ಲ, ಆದರೆ ಕೆಮ್ಮು ಶುರುವಾಗುತ್ತದೆ. ನಮ್ಮ ಯಜಮಾನರು ಪಿಎಂ 2.5 ಮೀಟರ್ (ಗಾಳಿಯಲ್ಲಿರುವ ಅತಿ ಸಣ್ಣ ಕಣಗಳನ್ನು ಅಳೆಯುವ ಯಂತ್ರ) ತಂದಿಟ್ಟರು. ಅದರಲ್ಲಿ ಏನೂ ಏರುವುದಿಲ್ಲ. ಅಸೋಸಿಯೇಷನ್‌ನವರು “ಮೀಟರಲ್ಲೇ ಇಲ್ಲ ಅಂದ್ಮೇಲೆ ಇದು ನಿಮ್ಮ ಮನಸ್ಸಿನ ಭ್ರಮೆ” ಎಂದುಬಿಟ್ಟರು. ವಾಸನೆ, ಉರಿ ಇವನ್ನೆಲ್ಲ ಅಳೆಯಲು ಆಗುತ್ತದೆಯೇ?

ಉತ್ತರ:

ಆಗುತ್ತದೆ. ಐವತ್ತು ವರ್ಷಗಳಿಂದ ಅಳೆಯುತ್ತಲೇ ಇದ್ದಾರೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಮೀಟರ್ ಸುಮ್ಮನಿದೆ ಎಂದ ಮಾತ್ರಕ್ಕೆ ನಿಮಗೆ ಭ್ರಮೆ ಎಂದು ಅರ್ಥವಲ್ಲ. ಸಿಗರೇಟ್ ಹೊಗೆಯ ವಿಷಯದಲ್ಲಿ ಮನುಷ್ಯನ ಮೂಗು ಆ ಮೀಟರಿಗಿಂತ ತುಂಬಾ ಚುರುಕು. ಹೇಗೆ ಎಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಅದಕ್ಕೂ ಮುಂಚೆ ನಿಮ್ಮ ಅತ್ತೆಯ ವಿಚಾರ. ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ. ವಾಸನೆ ಬಾರದವರಿಗೆ ಕೆಮ್ಮು ಹೇಗೆ ಬರುತ್ತದೆ?

ಇದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಒಣಮೆಣಸಿನಕಾಯಿ ಹುರಿಯುವಾಗ ಮನೆಯವರೆಲ್ಲ ಕೆಮ್ಮುತ್ತಾರೆ. ನೆಗಡಿಯಾಗಿ ಮೂಗು ಕಟ್ಟಿಕೊಂಡವರೂ ಕೆಮ್ಮುತ್ತಾರೆ. ಅವರಿಗೆ ಪಕ್ಕದಲ್ಲಿ ಕುದಿಯುವ ಸಾರಿನ ಪರಿಮಳ ಗೊತ್ತಾಗುವುದಿಲ್ಲ, ಮೆಣಸಿನಕಾಯಿಯ ಏಟು ಮಾತ್ರ ತಪ್ಪುವುದಿಲ್ಲ. ಸಾರಿನದು ವಾಸನೆ, ಮೆಣಸಿನಕಾಯಿಯದು ಘಾಟು. ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ ಇರುವುದು ಒಳ್ಳೆಯದೇ ಆಯಿತು, ಏಕೆಂದರೆ ದೇಹದಲ್ಲೂ ಇವೆರಡರ ದಾರಿ ಬೇರೆ. ವಾಸನೆಯನ್ನು ಮಿದುಳಿಗೆ ಒಯ್ಯುವುದು ಮೂಗಿನ ಮೇಲ್ಭಾಗದಿಂದ ಹೊರಡುವ ಘ್ರಾಣ ನರ. ಘಾಟನ್ನು ಒಯ್ಯುವುದು ಟ್ರೈಜೆಮಿನಲ್ ಎಂಬ ನರ. ಅದು ಕಣ್ಣು, ಮೂಗಿನ ಒಳಪದರ, ಬಾಯಿ, ಮುಖದ ಚರ್ಮ ಇಷ್ಟಕ್ಕೂ ಹರಡಿಕೊಂಡಿದೆ. ಹಲ್ಲು ನೋವು ಮಿದುಳಿಗೆ ಹೋಗುವುದೂ ಇದೇ ನರದ ಮೂಲಕ. ಅಂದರೆ ಘಾಟು ಎನ್ನುವುದು ನೋವಿನ ಜಾತಿಗೆ ಸೇರಿದ್ದು. ಗಂಟಲಿನಲ್ಲಿ, ಶ್ವಾಸನಾಳದಲ್ಲಿ ಇದೇ ಥರದ ಕೆಲಸಕ್ಕೆ ಬೇರೆ ನರಗಳಿವೆ.

ವಯಸ್ಸಾದಂತೆ ವಾಸನೆ ಹಿಡಿಯುವ ಶಕ್ತಿ ಕುಗ್ಗುವುದು ತೀರ ಸಾಮಾನ್ಯ. ಕೋವಿಡ್ ಆದಮೇಲೆ ಎಷ್ಟೋ ಜನರಿಗೆ ವಾಸನೆ ಪೂರ್ತಿ ಹೋಗಿತ್ತು, ನೆನಪಿರಬಹುದು. ಹೀಗೆ ವಾಸನೆ ಕಳೆದುಕೊಂಡವರಿಗೂ ಘಾಟು ತಟ್ಟುತ್ತದೆ. ಸಂಶೋಧಕರು ಬೇಕೆಂದೇ ಅಂಥವರನ್ನು ಹುಡುಕಿ ಪರೀಕ್ಷೆಗೆ ಕೂರಿಸುತ್ತಾರೆ. ಅವರು ಒಂದು ಆವಿಯನ್ನು ಗುರುತಿಸಿದರೆ ಅದು ಶುದ್ಧ ಘಾಟು, ವಾಸನೆ ಬೆರೆತಿಲ್ಲ ಎಂದು ಖಾತ್ರಿಯಾಗುತ್ತದೆ. ನಿಮ್ಮ ಅತ್ತೆ ತಮಗೆ ಗೊತ್ತಿಲ್ಲದೆಯೇ ಅಂಥ ಸಾಕ್ಷಿಯಾಗಿದ್ದಾರೆ. (ಅವರ ಕೆಮ್ಮು ಎರಡು ವಾರ ದಾಟಿದ್ದರೆ ಎಲ್ಲವನ್ನೂ ಹೊಗೆಯ ಮೇಲೆ ಹಾಕಬೇಡಿ. ಮೊದಲು ಡಾಕ್ಟರಿಗೆ ತೋರಿಸಿ.)

ಈ ವ್ಯತ್ಯಾಸ ಮನೆಯಲ್ಲೇ ನೋಡಬೇಕಾ? ಒಂದೇ ಥರದ ಎರಡು ಪುಟ್ಟ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಹತ್ತಿಗೆ ಒಂದು ಹನಿ ವೆನಿಲ್ಲಾ ಎಸೆನ್ಸ್ ಹಾಕಿ, ಇನ್ನೊಂದರಲ್ಲಿ ಬರೀ ಹತ್ತಿ. ಕಣ್ಣು ಮುಚ್ಚಿಕೊಳ್ಳಿ. ಬೇರೆಯವರು ಎರಡನ್ನೂ ಒಂದೊಂದು ಮೂಗಿನ ಹೊಳ್ಳೆಗೆ ಹಿಡಿಯಲಿ. ವೆನಿಲ್ಲಾ ಇದೆ ಎಂದು ಗೊತ್ತಾಗುತ್ತದೆ. ಎಡಗಡೆಯೋ ಬಲಗಡೆಯೋ ಎಂದು ಹೇಳಲು ಹೋದರೆ ತಪ್ಪುತ್ತಲೇ ಇರುತ್ತೀರಿ. ಈಗ ವೆನಿಲ್ಲಾ ಬದಲು ವಿಕ್ಸ್ ಸವರಿ ನೋಡಿ. ಯಾವ ಹೊಳ್ಳೆ ಎಂದು ಥಟ್ಟನೆ ಹೇಳುತ್ತೀರಿ. ವಾಸನೆಗೆ ಎಡಬಲ ಗೊತ್ತಿಲ್ಲ, ಟ್ರೈಜೆಮಿನಲ್ ನರಕ್ಕೆ ಗೊತ್ತು. ಪ್ರಯೋಗಾಲಯದಲ್ಲಿ ಘಾಟಿನ ಕನಿಷ್ಠ ಮಟ್ಟ ಹುಡುಕಲು ಬಳಸುವ ಉಪಾಯಗಳಲ್ಲಿ ಇದೂ ಒಂದು. “ನಿಮಗೆ ಉರಿ ಆಯ್ತಾ” ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. “ಯಾವ ಹೊಳ್ಳೆ” ಎಂದಷ್ಟೇ ಕೇಳುತ್ತಾರೆ. ಉತ್ತರ ಸರಿ ಅಥವಾ ತಪ್ಪು, ಅಷ್ಟೆ.

ಸಿಗರೇಟ್ ಹೊಗೆಯಲ್ಲಿ ವಾಸನೆ, ಘಾಟು ಎರಡೂ ಧಾರಾಳವಾಗಿವೆ. ನಿಮ್ಮ ಮನೆಗೆ ಬರುವುದು ಬಹುತೇಕ ಸೇದಿ ಬಿಟ್ಟ ಹೊಗೆಯಲ್ಲ. ಎರಡು ಎಳೆತದ ನಡುವೆ, ಬೆರಳ ಸಂದಿಯಲ್ಲಿ ಉರಿಯುತ್ತಿರುವ ತುದಿಯಿಂದ ಏಳುವ ಹೊಗೆಯೇ ಅದರಲ್ಲಿ ಜಾಸ್ತಿ. ಎಳೆಯುವಾಗ ತುದಿ ಚೆನ್ನಾಗಿ ಕಾದು ಉರಿಯುತ್ತದೆ. ಉಳಿದ ಹೊತ್ತು ಕಡಿಮೆ ಶಾಖದಲ್ಲಿ, ಗಾಳಿ ಸಾಲದೆ ಕಮರುತ್ತದೆ. ಹಾಗಾಗಿ ಅಮೋನಿಯಾದಂಥವು ಈ ಹೊಗೆಯಲ್ಲಿ ಹೆಚ್ಚು. ಅಕ್ರೋಲಿನ್, ಫಾರ್ಮಾಲ್ಡಿಹೈಡ್ ಎಂಬ ಘಾಟಿನ ರಾಸಾಯನಿಕಗಳೂ ಇವೆ. ಬಾಣಲೆಯ ಎಣ್ಣೆ ಜಾಸ್ತಿ ಕಾದು ಹೊಗೆಯಾಡಿದಾಗ ಕಣ್ಣು ಉರಿಯುತ್ತದಲ್ವಾ, ಅಲ್ಲೂ ಈ ಅಕ್ರೋಲಿನ್ ಇದೆ. ಹಳಸಿದ ಸಿಗರೇಟಿನ ಆ ಗಬ್ಬು ವಾಸನೆಗೆ ಪಿರಿಡಿನ್ ಜಾತಿಯ ಸಂಯುಕ್ತಗಳ ಪಾಲು ದೊಡ್ಡದು.

ಈಗ ಅಳತೆಗೆ ಬರೋಣ. ಇದರಲ್ಲಿ ನನಗೆ ಬಹಳ ಇಷ್ಟವಾದ ಕೆಲಸ ನಡೆದದ್ದು ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ, ಇಟಿಎಚ್ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ. 1970ರ ದಶಕದಲ್ಲೇ ಅಲ್ಲಿ ಜನರನ್ನು ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಹೊಗೆಯ ಪ್ರಮಾಣ ಏರಿಸುತ್ತಾ, ಅವರು ನಿಮಿಷಕ್ಕೆ ಎಷ್ಟು ಸಲ ಕಣ್ಣು ಮಿಟುಕಿಸುತ್ತಾರೆ ಎಂದು ಎಣಿಸುತ್ತಿದ್ದರು. ಕಣ್ಣು ಉರಿದರೆ ರೆಪ್ಪೆ ತಾನಾಗಿ ಬಡಿಯುತ್ತದೆ. ಬಾಯಿ ಏನೇ ಹೇಳಲಿ, ರೆಪ್ಪೆಯ ಲೆಕ್ಕ ಬೇರೆಯೇ ಸಾಕ್ಷಿ ಹೇಳುತ್ತದೆ. ಅದೇ ಸಂಸ್ಥೆಯ ಜುಂಕರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಕೆಲಸ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅವರು ಕೇಳಿಕೊಂಡದ್ದು ಇದು: ಸಿಗರೇಟ್ ಸೇದದವರಿಗೆ ಈ ಹೊಗೆ ಎಷ್ಟು ಕಡಿಮೆ ಇದ್ದರೂ ಗೊತ್ತಾಗುತ್ತದೆ?

ಬಂದ ಉತ್ತರ ಹೀಗಿದೆ. ಹೊಗೆಯ ಕಣಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 1 ಮೈಕ್ರೋಗ್ರಾಂ (ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಇದ್ದಾಗಲೇ ಮೂಗು ವಾಸನೆ ಹಿಡಿಯುತ್ತದೆ. ಸುಮಾರು 4.4 ಮೈಕ್ರೋಗ್ರಾಂ ಹೊತ್ತಿಗೆ ಕಣ್ಣು, ಮೂಗು, ಗಂಟಲಿನ ಕಿರಿಕಿರಿ ಸ್ಪಷ್ಟವಾಗಿ ಏರುತ್ತದೆ. ಅವರೇ ಇನ್ನೊಂದು ಲೆಕ್ಕವನ್ನೂ ಕೊಟ್ಟರು. ಒಂದು ಸಿಗರೇಟಿನ ಹೊಗೆ ಕಿರಿಕಿರಿ ಮಾಡದಿರಬೇಕಾದರೆ ಅದು 3,000 ಘನ ಮೀಟರಿಗಿಂತ ಹೆಚ್ಚು ಶುದ್ಧ ಗಾಳಿಯಲ್ಲಿ ಕರಗಬೇಕು. ವಾಸನೆಯೂ ಬರಬಾರದು ಎಂದರೆ ಸುಮಾರು 19,000 ಘನ ಮೀಟರ್ ಬೇಕು.

ಇದನ್ನು ನಿಮ್ಮ ಮನೆಗೆ ತಂದು ನೋಡೋಣ. ಹತ್ತು ಹನ್ನೆರಡರ ಬೆಡ್‌ರೂಮು, ಎತ್ತರ ಹತ್ತಡಿ ಎಂದಿಟ್ಟುಕೊಳ್ಳಿ. 1,200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರ್. ಒಂದೇ ಒಂದು ಸಿಗರೇಟಿನ ವಾಸನೆ ಅಳಿಸಲು ಅಂಥ ಐನೂರಕ್ಕೂ ಹೆಚ್ಚು ಕೋಣೆಗಳ ಗಾಳಿ ಬೇಕು. ಕಿರಿಕಿರಿ ತಪ್ಪಿಸಲು ಸುಮಾರು 90 ಕೋಣೆ. ಒಂದು ಸಿಗರೇಟಿನಿಂದ ಗಾಳಿಗೆ ಸೇರುವ ಕಣಗಳು ಸುಮಾರು ಹತ್ತು ಹನ್ನೆರಡು ಮಿಲಿಗ್ರಾಂ. ಅದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಡಕ್ಟ್ ಏರಿ ನಿಮ್ಮ ಕೋಣೆಗೆ ಬಂತು ಎಂದುಕೊಳ್ಳೋಣ. ಆಗ ಕೋಣೆಯ ಗಾಳಿಯಲ್ಲಿ ಹೆಚ್ಚಾಗುವುದು ಘನ ಮೀಟರಿಗೆ ಮೂರರಿಂದ ಮೂರೂವರೆ ಮೈಕ್ರೋಗ್ರಾಂ. ಮೂಗಿಗೆ ಧಾರಾಳವಾಗಿ ಸಾಕು. ಕಣ್ಣು ಉರಿಯುವ ಮಟ್ಟಕ್ಕೂ ತುಂಬಾ ದೂರವೇನಿಲ್ಲ.

ಮೀಟರಿಗೆ? ರಸ್ತೆಯ ಧೂಳು, ಗಾಡಿಗಳ ಹೊಗೆ ಎಲ್ಲ ಸೇರಿ ಅದು ಮೊದಲೇ 35 ತೋರಿಸುತ್ತಿದೆ ಎನ್ನಿ. ಈಗ 38 ಆಗಬೇಕು. ಆದರೆ ಮನೆ ಬಳಕೆಯ ಮೀಟರುಗಳಲ್ಲಿ ಸಾಮಾನ್ಯವಾಗಿ ಕೂರಿಸುವ ಅಗ್ಗದ ಲೇಸರ್ ಸೆನ್ಸರ್‌ಗಳಿಗೆ 100ರೊಳಗಿನ ಅಳತೆಯಲ್ಲಿ 10 ಮೈಕ್ರೋಗ್ರಾಂ ಆಚೀಚೆ ಆಗಬಹುದು ಎಂದು ತಯಾರಕರೇ ಬರೆದಿರುತ್ತಾರೆ. ಕಿಟಕಿಯ ಹೊರಗೆ ಒಂದು ಟೆಂಪೋ ಹೋದರೂ ಅಷ್ಟು ಅಲುಗಾಡುತ್ತದೆ. ಮೂರು ಮೈಕ್ರೋಗ್ರಾಂ ಆ ಅಲುಗಾಟದಲ್ಲಿ ಮುಳುಗಿಹೋಗುತ್ತದೆ. ಮೇಲಾಗಿ ಆ ಮೀಟರ್ ನೋಡುವುದು ಕಣಗಳನ್ನು ಮಾತ್ರ. ವಾಸನೆಯ ಬಹುಪಾಲು, ಅಕ್ರೋಲಿನ್, ಫಾರ್ಮಾಲ್ಡಿಹೈಡ್ ಎಲ್ಲ ಇರುವುದು ಅನಿಲದ ರೂಪದಲ್ಲಿ. ಮೀಟರಿಗೆ ಅವು ಕಾಣುವುದೇ ಇಲ್ಲ. ಅಸೋಸಿಯೇಷನ್‌ನವರಿಗೆ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಅವರು ಕೆಟ್ಟವರೇನಲ್ಲ, ಪರದೆಯ ಮೇಲಿನ ಅಂಕಿಯನ್ನು ನಂಬುವುದು ಎಲ್ಲರ ಅಭ್ಯಾಸ.

ಹಾಗಿದ್ದರೆ ವಾಸನೆಯನ್ನು ಅಳೆಯುವ ಯಂತ್ರವೇ ಇಲ್ಲವಾ ಎಂದು ನೀವು ಕೇಳಬಹುದು. ವಾಸನೆ ಅಳೆಯಲು ಇವತ್ತಿಗೂ ಮನುಷ್ಯನ ಮೂಗೇ ಬೇಕು. ಯಂತ್ರ ಮಾಡುವ ಕೆಲಸ ಗಾಳಿಯನ್ನು ಅಳತೆ ಪ್ರಕಾರ ತೆಳುವಾಗಿಸಿ ಮೂಗಿನ ಮುಂದೆ ತರುವುದು. ಅದನ್ನು ಆಲ್ಫ್ಯಾಕ್ಟೋಮೀಟರ್ ಎನ್ನುತ್ತಾರೆ. ಯುರೋಪಿನ ಇಎನ್ 13725 ಎಂಬ ಮಾನದಂಡದ ಪ್ರಕಾರ ಕನಿಷ್ಠ ನಾಲ್ಕು ಜನರ ತಂಡ ಕೂರುತ್ತದೆ. ತೆಳುಗಾಳಿಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಗಾಢ ಮಾಡುತ್ತಾ ಹೋಗುತ್ತಾರೆ. ತಂಡದ ಅರ್ಧದಷ್ಟು ಜನ ಗುರುತಿಸುವ ಮಟ್ಟವೇ ಒಂದು ವಾಸನೆ ಯೂನಿಟ್. ಮೂಲಗಾಳಿಯನ್ನು ಎಷ್ಟು ಪಟ್ಟು ತೆಳು ಮಾಡಿದಾಗ ಆ ಮಟ್ಟ ಬಂತೋ ಅಷ್ಟು ಯೂನಿಟ್ ಎಂದು ಲೆಕ್ಕ.

ತಂಡಕ್ಕೆ ಆಯ್ಕೆಯಾಗುವುದು ಹೇಗೆ ಗೊತ್ತೇ? ಎನ್-ಬ್ಯುಟನಾಲ್ ಎಂಬ ರಾಸಾಯನಿಕದ ವಾಸನೆಯನ್ನು ನೂರು ಕೋಟಿಯಲ್ಲಿ 20ರಿಂದ 80 ಪಾಲು ಇರುವಾಗ ಗುರುತಿಸಬೇಕು. ಮೊಂಡು ಮೂಗಿನವರನ್ನು ಬಿಡುವುದು ಸರಿ, ತೀರ ಚುರುಕು ಮೂಗಿನವರನ್ನೂ ಬಿಡುತ್ತಾರೆ. ಬೇಕಾಗಿರುವುದು ಎಲ್ಲರಂಥ, ದಿನ ದಿನಕ್ಕೆ ಬದಲಾಗದ ಮೂಗು. ಪರೀಕ್ಷೆಗೆ ಅರ್ಧ ಗಂಟೆ ಮುಂಚೆಯಿಂದ ಕಾಫಿ, ತಿಂಡಿ, ಸಿಗರೇಟ್ ಏನೂ ಇಲ್ಲ. ಸೆಂಟ್ ಹಾಕಿಕೊಂಡು ಬರುವಂತಿಲ್ಲ.

ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಓಲೆ ಫಾಂಗರ್ ಅವರು 1988ರಲ್ಲಿ ಇನ್ನೊಂದು ದಾರಿ ತೋರಿಸಿದರು. ಸುಮ್ಮನೆ ಕೂತ ಒಬ್ಬ ಸಾಮಾನ್ಯ ಮನುಷ್ಯ ಕೋಣೆಯ ಗಾಳಿಯನ್ನು ಎಷ್ಟು ಕೆಡಿಸುತ್ತಾನೋ ಅದಕ್ಕೆ ಒಂದು ‘ಓಲ್ಫ್’ ಎಂದು ಹೆಸರಿಟ್ಟರು. ಅವರ ಲೆಕ್ಕದಲ್ಲಿ ಸಿಗರೇಟ್ ಸೇದುತ್ತಿರುವ ಮನುಷ್ಯ 25 ಓಲ್ಫ್. ಅಂದರೆ ಕೋಣೆಯಲ್ಲಿ ಒಬ್ಬ ಸೇದುತ್ತಿದ್ದರೆ 25 ಜನ ತುಂಬಿಕೊಂಡಷ್ಟು. ಈ ಲೆಕ್ಕವನ್ನು ಒಪ್ಪದವರೂ ಇದ್ದಾರೆ, ಬೇರೆ ಬೇರೆ ವಾಸನೆಗಳನ್ನು ಹೀಗೆ ಸುಮ್ನೆ ಕೂಡಿಸಲು ಬರುವುದಿಲ್ಲ ಎಂಬುದು ಅವರ ವಾದ. ನನಗೂ ಆ ವಾದ ಸರಿ ಅನ್ನಿಸುತ್ತದೆ. ಆದರೂ ಗಾಳಿ ಹೇಗಿದೆ ಎಂದು ಅಲ್ಲಿ ಉಸಿರಾಡುವವರನ್ನೇ ಕೇಳಿ ಅಂಕಿ ಮಾಡಬಹುದು ಎಂದು ಎಂಜಿನಿಯರುಗಳಿಗೆ ಮನವರಿಕೆ ಮಾಡಿಕೊಟ್ಟ ಕೆಲಸ ಅದು.

ಇಷ್ಟು ಹೊತ್ತು ನಿಮ್ಮ ಪರವಾಗಿ ಹೇಳಿದೆ. ಈಗ ನಿಮ್ಮ ನೆರೆಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೊನೆಲ್ ಎಂಬ ಸಂಶೋಧನಾ ಕೇಂದ್ರವಿದೆ. ಅಲ್ಲಿ ಪಮೇಲಾ ಡಾಲ್ಟನ್ ಅವರು ಜನರಿಗೆ ಒಂದೇ ಆವಿಯನ್ನು ಉಸಿರಾಡಲು ಕೊಟ್ಟರು. ಕೆಲವರಿಗೆ ಇದು ಒಳ್ಳೆಯದು ಎಂಬಂತೆ, ಕೆಲವರಿಗೆ ಇದು ಹಾನಿಕರ ಎಂಬಂತೆ ಹೇಳಿದರು. ಹಾನಿಕರ ಎಂದು ಕೇಳಿಸಿಕೊಂಡವರು ಉರಿ, ಕಿರಿಕಿರಿ ಜಾಸ್ತಿ ಎಂದರು. ಅವರು ಸುಳ್ಳು ಹೇಳಲಿಲ್ಲ. ಭಯ ಇದ್ದಾಗ ದೇಹ ಸಣ್ಣ ಸೂಚನೆಗೂ ಗಮನ ಕೊಡುತ್ತದೆ. ನೀವು ತಿಂಗಳುಗಟ್ಟಲೆ ಈ ಹೊಗೆಯಿಂದ ಬೇಸತ್ತಿದ್ದೀರಿ. ಹಾಗಾಗಿ ನಿಮ್ಮ ಅಳತೆಯಲ್ಲೂ ಇದು ಸ್ವಲ್ಪ ಬೆರೆತಿರಬಹುದು. ಇದನ್ನು ಬೇರ್ಪಡಿಸಲು ಒಂದೇ ದಾರಿ ಇದೆ. ಹೊಗೆ ಇದೆಯೋ ಇಲ್ಲವೋ ಎಂದು ಗೊತ್ತಿಲ್ಲದ ಹಾಗೆ ಪರೀಕ್ಷೆ ಮಾಡುವುದು.

ಅದನ್ನು ಹೀಗೆ ಮಾಡಿ. ಕೆಳಗಿನ ಮನೆಯವರ ಜೊತೆ ಜಗಳಕ್ಕೆ ನಿಲ್ಲದೆ ಸಹಾಯ ಕೇಳಿ. ಹತ್ತು ದಿನ, ದಿನಕ್ಕೊಂದು ಹೊತ್ತು, ಹೇಳೋಣ ರಾತ್ರಿ ಎಂಟೂವರೆ. ಆ ಹೊತ್ತಿಗೆ ಅವರು ಒಂದು ನಾಣ್ಯ ಚಿಮ್ಮಲಿ. ತಲೆ ಬಿದ್ದರೆ ಎಂದಿನಂತೆ ಬಾತ್‌ರೂಮಿನಲ್ಲಿ ಸೇದಲಿ, ಬಾಲ ಬಿದ್ದರೆ ಆ ಹೊತ್ತು ಬೇಡ. ಏನಾಯಿತು ಎಂದು ಬರೆದಿಟ್ಟುಕೊಳ್ಳಲಿ, ನಿಮಗೆ ಹೇಳಬಾರದು. ಈ ಪರೀಕ್ಷೆಗೆಂದು ಅವರು ಒಂದು ಸಿಗರೇಟೂ ಜಾಸ್ತಿ ಸೇದುವುದು ಬೇಡ.

ನೀವು ಎಂಟು ಗಂಟೆಗೇ ಮನೆಯಿಂದ ಹೊರಗೆ ಹೋಗಿ. ಟೆರೇಸಿನಲ್ಲೋ ಪಾರ್ಕಿನಲ್ಲೋ ಇರಿ. ಎಂಟು ನಲವತ್ತಕ್ಕೆ ಒಳಗೆ ಬನ್ನಿ. ಹೀಗೆ ಹೊರಗಿದ್ದು ಬರುವುದಕ್ಕೆ ಕಾರಣವಿದೆ. ವಾಸನೆಗೆ ಮೂಗು ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ. ಒಳಗೇ ಕೂತವರಿಗೆ ತಿಳಿಯದ ವಾಸನೆ ಬಾಗಿಲು ತೆರೆದು ಬಂದ ನೆಂಟರಿಗೆ ಮುಖಕ್ಕೆ ಹೊಡೆಯುತ್ತದೆ. ಸೇದುವವರಿಗೆ ತಮ್ಮ ಮನೆಯ ವಾಸನೆ ಗೊತ್ತಾಗದಿರುವುದೂ ಇದರಿಂದಲೇ, ಅವರು ನಾಟಕ ಮಾಡುತ್ತಿಲ್ಲ. ಅದಕ್ಕೇ ಕೋಣೆಯ ಗಾಳಿಯ ಅಧ್ಯಯನಗಳಲ್ಲಿ ಒಳಗೆ ಕೂತವರ ಅಂಕ ಬೇರೆ, ಆಗ ತಾನೇ ಒಳಗೆ ಬಂದವರ ಅಂಕ ಬೇರೆ ತೆಗೆದುಕೊಳ್ಳುತ್ತಾರೆ.

ಒಳಗೆ ಬಂದ ತಕ್ಷಣ, ಮೊದಲ ಒಂದೆರಡು ಉಸಿರಿನಲ್ಲೇ, ಸಿಗರೇಟ್ ವಾಸನೆ ಇದೆಯೋ ಇಲ್ಲವೋ ಬರೆಯಿರಿ. “ಗೊತ್ತಿಲ್ಲ” ಎಂದು ಬರೆಯುವ ಹಾಗಿಲ್ಲ, ಎರಡರಲ್ಲಿ ಒಂದು ಹೇಳಲೇಬೇಕು. ಪಕ್ಕದಲ್ಲಿ ವಾಸನೆಯ ತೀವ್ರತೆಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡಿ. ಆಮೇಲೆ ಅಲ್ಲೇ ಕೂತು, ಅರ್ಧ ಗಂಟೆ ಬಿಟ್ಟು, ಕಣ್ಣು, ಮೂಗು, ಗಂಟಲಿಗೆ ಬೇರೆ ಬೇರೆ ಅಂಕ ಕೊಡಿ. ಘಾಟಿನ ಗುಣ ವಾಸನೆಗೆ ಉಲ್ಟಾ. ಅದು ಒಗ್ಗುವುದಿಲ್ಲ, ಹೊತ್ತು ಹೋದಂತೆ ಕೂಡುತ್ತಾ ಹೋಗುತ್ತದೆ. ಪ್ರಯೋಗದ ಕೋಣೆಗಳಲ್ಲಿ ಮೊದಲ ಒಂದು ಗಂಟೆಯ ಉದ್ದಕ್ಕೂ ಕಣ್ಣುರಿ ಏರುವುದನ್ನು ನೋಡಿದ್ದಾರೆ. ಹಾಗಾಗಿ ವಾಸನೆಯನ್ನು ಬಂದ ಕೂಡಲೇ ಕೇಳಬೇಕು, ಘಾಟನ್ನು ಕಾದು ಕೇಳಬೇಕು. ನೀವು ಬರೆದಿರುವ “ವಾಸನೆ ತಕ್ಷಣ, ಸ್ವಲ್ಪ ಹೊತ್ತಿಗೆ ಕಣ್ಣುರಿ” ಎಂಬ ಕ್ರಮ ಇದಕ್ಕೆ ಸರಿಯಾಗಿ ಹೊಂದುತ್ತದೆ. ಅದನ್ನು ಓದಿದಾಗಲೇ ನನಗೆ ನಿಮ್ಮ ಮಾತಿನ ಮೇಲೆ ನಂಬಿಕೆ ಬಂತು.

ಹತ್ತು ದಿನ ಆದಮೇಲೆ ಎರಡೂ ಹಾಳೆ ಪಕ್ಕ ಪಕ್ಕ ಇಟ್ಟು ನೋಡಿ. ಸುಮ್ಮನೆ ಊಹೆ ಮಾಡಿ ಹತ್ತರಲ್ಲಿ ಒಂಬತ್ತು ಅಥವಾ ಹತ್ತು ಸರಿ ಹೇಳುವ ಸಾಧ್ಯತೆ 1,024ಕ್ಕೆ 11, ಅಂದರೆ ನೂರಕ್ಕೆ ಒಂದರಷ್ಟು. ಒಂಬತ್ತು ಸರಿ ಬಂದರೆ ‘ಭ್ರಮೆ’ ಎನ್ನುವ ಮಾತು ಅಲ್ಲಿಗೆ ಮುಗಿಯಿತು. ಐದಾರು ಮಾತ್ರ ಸರಿ ಬಂದರೆ ನೀವೂ ಬೇರೆ ಕಾರಣ ಹುಡುಕಬೇಕು. ಅಗರಬತ್ತಿ, ಸೊಳ್ಳೆಬತ್ತಿ, ಪಕ್ಕದ ಮನೆಯ ಒಗ್ಗರಣೆ, ಟಾಯ್ಲೆಟ್ ತೊಳೆಯುವ ಆಸಿಡ್, ಇವೆಲ್ಲಕ್ಕೂ ಘಾಟಿದೆ. ಪರೀಕ್ಷೆಯ ಹೊತ್ತಿಗೆ ನಿಮ್ಮ ಮನೆಯಲ್ಲಿ ಇವು ಯಾವುದೂ ಇರಬಾರದು.

ಅತ್ತೆಯವರಿಗೂ ಒಂದು ಹಾಳೆ ಕೊಡಿ. ಅವರು ಹೊರಗೆ ಹೋಗುವುದು ಬೇಡ, ವಾಸನೆಯ ಕಾಲಂ ಬೇಡ. ಎಂಟೂವರೆಯಿಂದ ಒಂಬತ್ತೂವರೆವರೆಗೆ ಎಷ್ಟು ಸಲ ಕೆಮ್ಮಿದರು ಎಂದು ಎಣಿಸಿದರೆ ಸಾಕು. ಫೋನಿನ ರೆಕಾರ್ಡಿಂಗ್ ಹಾಕಿಟ್ಟು ಆಮೇಲೆ ಎಣಿಸುವುದು ಇನ್ನೂ ಒಳ್ಳೆಯದು, ಅವರಿಗೂ ನೆಮ್ಮದಿ. ನಿಮ್ಮ ಕಣ್ಣಿಗೂ ಹೀಗೆಯೇ ಮಾಡಬಹುದು. ಫೋನನ್ನು ಎದುರಿಗೆ ನಿಲ್ಲಿಸಿ ಐದು ನಿಮಿಷ ವಿಡಿಯೋ ತೆಗೆಯಿರಿ, ಎಷ್ಟು ಸಲ ರೆಪ್ಪೆ ಬಡಿಯಿತು ನೋಡಿ. ಆದರೆ ಹತ್ತೂ ದಿನ ಒಂದೇ ಥರ ಕೂತಿರಬೇಕು. ಟಿವಿ, ಮೊಬೈಲ್ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಲೆಕ್ಕ ಕೆಡುತ್ತದೆ.

ಕೆಳಗಿನವರು ಒಪ್ಪದೇ ಹೋದರೆ? ಆಗ ಲ್ಯಾಬಿನ ದಾರಿ ಇದೆ. ಸೋಡಿಯಂ ಬೈಸಲ್ಫೇಟ್ ಲೇಪಿಸಿದ ಪುಟ್ಟ ಫಿಲ್ಟರ್ ಇರುವ ಬಿಲ್ಲೆಯೊಂದನ್ನು ಕೋಣೆಯಲ್ಲಿ ಒಂದು ವಾರ ತೂಗುಹಾಕುತ್ತಾರೆ. ಪಂಪ್ ಬೇಡ, ಕರೆಂಟ್ ಬೇಡ. ಗಾಳಿಯ ನಿಕೋಟಿನ್ ಬಂದು ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಲ್ಯಾಬಿನಲ್ಲಿ ಎಷ್ಟಿದೆ ಎಂದು ನೋಡುತ್ತಾರೆ. ಅಮೆರಿಕದ ಹ್ಯಾಮಂಡ್ ಮತ್ತು ಲೀಡರರ್ ಇದನ್ನು 1987ರಲ್ಲಿ ಪ್ರಕಟಿಸಿದರು, ಈಗಲೂ ಬಳಕೆಯಲ್ಲಿದೆ. ಇದರ ದೊಡ್ಡ ಗುಣ ಏನೆಂದರೆ ಅಗರಬತ್ತಿಯಲ್ಲಾಗಲಿ ಒಗ್ಗರಣೆಯಲ್ಲಾಗಲಿ ನಿಕೋಟಿನ್ ಇರುವುದಿಲ್ಲ. ಬಿಲ್ಲೆಯಲ್ಲಿ ಸಿಕ್ಕಿತು ಎಂದರೆ ಅದು ತಂಬಾಕೇ. ಒಂದು ಕೊರತೆಯೂ ಇದೆ. ನಿಕೋಟಿನ್ ಹಾದಿಯಲ್ಲಿ ಸಿಕ್ಕ ಗೋಡೆ, ಪೈಪು, ಬಟ್ಟೆ ಎಲ್ಲಕ್ಕೂ ಅಂಟುತ್ತದೆ. ಡಕ್ಟ್ ಏರಿ ಬರುವಷ್ಟರಲ್ಲಿ ಅರ್ಧ ದಾರಿಯಲ್ಲೇ ಉಳಿದುಹೋಗಬಹುದು. ಹಾಗಾಗಿ ಕಡಿಮೆ ಅಂಕಿ ಬಂದರೆ ಹೊಗೆಯೂ ಅಷ್ಟೇ ಕಡಿಮೆ ಎಂದು ತಿಳಿಯಬೇಡಿ. ಅಂಟಿದ್ದು ಮತ್ತೆ ನಿಧಾನವಾಗಿ ಗಾಳಿಗೆ ಬರುತ್ತದೆ. ಯಾರೂ ಸೇದದ ಬೆಳಗಿನ ಹೊತ್ತೂ ಬಾತ್‌ರೂಮಿನಲ್ಲಿ ಹಳಸಲು ನಾತ ಬರುವುದಕ್ಕೆ ಇಂಥ ಅಂಟು ಪದಾರ್ಥಗಳೇ ಕಾರಣ.

ನೆರೆಯವರು “ದಿನಕ್ಕೆ ಆರು ಸೇದುತ್ತಿದ್ದೆ, ನಿಮಗೋಸ್ಕರ ಮೂರಕ್ಕೆ ಇಳಿಸಿದೆ, ಆದರೂ ಅಷ್ಟೇ ವಾಸನೆ ಅಂತೀರಲ್ಲ” ಎಂದು ನೊಂದುಕೊಳ್ಳಬಹುದು. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತೀರಿ. ವಾಸನೆಯ ತೀವ್ರತೆ ಗಾಳಿಯಲ್ಲಿರುವ ಪ್ರಮಾಣದ ಜೊತೆ ಸಮನಾಗಿ ಇಳಿಯುವುದಿಲ್ಲ. ಪ್ರಮಾಣ ಅರ್ಧಕ್ಕೆ ಇಳಿದರೂ ಮೂಗಿಗೆ ಸ್ವಲ್ಪ ಕಡಿಮೆ ಅನ್ನಿಸುತ್ತದೆ, ಅಷ್ಟೆ. ಮೂಗು ವಾಸನೆ ಹಿಡಿಯುವ ಕನಿಷ್ಠ ಮಟ್ಟವೇ 1 ಮೈಕ್ರೋಗ್ರಾಂನಷ್ಟು ಕೆಳಗಿರುವಾಗ, ಅದಕ್ಕಿಂತ ಕೆಳಗೆ ಹೋಗುವವರೆಗೂ ‘ಇದೆ’ ಎಂದೇ ಮೂಗು ಹೇಳುತ್ತದೆ. ಅವರ ಪ್ರಯತ್ನಕ್ಕೆ ಬೆಲೆ ಇಲ್ಲ ಎಂದು ಅವರು ತಿಳಿಯದಂತೆ ಇದನ್ನು ಬಿಡಿಸಿ ಹೇಳಿ.

ಏರ್ ಪ್ಯೂರಿಫೈಯರ್ ತರೋಣವೇ ಎಂದು ಯೋಚಿಸುತ್ತಿದ್ದರೆ, ಹೆಪಾ ಫಿಲ್ಟರ್ ಕಣಗಳನ್ನು ಹಿಡಿಯುತ್ತದೆ, ಅನಿಲವನ್ನು ಹಿಡಿಯುವುದಿಲ್ಲ. ಅನಿಲಕ್ಕೆ ಇದ್ದಿಲಿನ ಫಿಲ್ಟರ್ ಬೇಕು. ಮನೆ ಬಳಕೆಯ ಯಂತ್ರಗಳಲ್ಲಿ ಅದು ತೆಳ್ಳಗಿರುತ್ತದೆ, ಬೇಗ ತುಂಬಿಹೋಗುತ್ತದೆ. ರೂಮ್ ಫ್ರೆಶ್ನರ್ ಅಂತೂ ದಯವಿಟ್ಟು ಬೇಡ. ಅದು ಹೊಗೆಯನ್ನು ತೆಗೆಯುವುದಿಲ್ಲ, ಮೇಲೊಂದು ವಾಸನೆ ಹಚ್ಚುತ್ತದೆ. ಇದೇ ಉಪಾಯವನ್ನು ಸಿಗರೇಟ್ ಕಂಪನಿಗಳೂ ಮಾಡಿದ್ದವು. ಅಮೆರಿಕದಲ್ಲಿ ಅವರ ಒಳಗಿನ ಕಾಗದಪತ್ರಗಳು 1990ರ ದಶಕದಲ್ಲಿ ಬಯಲಿಗೆ ಬಂದಾಗ ಗೊತ್ತಾದ ಸಂಗತಿಗಳಲ್ಲಿ ಇದೂ ಒಂದು. ಉರಿಯುವ ತುದಿಯ ಹೊಗೆಯ ವಾಸನೆ, ಕಿರಿಕಿರಿ, ಕಣ್ಣಿಗೆ ಕಾಣುವಿಕೆ ಕಡಿಮೆ ಮಾಡಲು ಬೇರೆ ಬೇರೆ ವಸ್ತು ಸೇರಿಸುವ ಬಗ್ಗೆ ಅವರು ಸಂಶೋಧನೆ ನಡೆಸಿದ್ದರು. ಪಕ್ಕದವರು ದೂರುವುದು ನಿಂತರೆ ಸಾಕಾಗಿತ್ತು, ಹೊಗೆ ಹಾಗೇ ಇರುತ್ತಿತ್ತು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಘಾಟು ಎನ್ನುವುದು ದೇಹ ನಮಗೆ ಕೊಡುವ ಎಚ್ಚರಿಕೆ. ಅದರ ಬಾಯಿ ಮುಚ್ಚಿಸುವುದು ಎಂದರೆ ಮನೆಗೆ ಬೆಂಕಿ ಬಿದ್ದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ.

ಇನ್ನೊಂದು ಕಡೆಯೂ ಎಚ್ಚರ ಬೇಕು. ವಾಸನೆ ಇಲ್ಲ, ಉರಿ ಇಲ್ಲ ಎಂದರೆ ಹೊಗೆ ಇಲ್ಲ ಎಂದಾಗಲಿ ಅಪಾಯ ಇಲ್ಲ ಎಂದಾಗಲಿ ಹೇಳಲು ಬರುವುದಿಲ್ಲ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಘಾಟೂ ಇಲ್ಲ. ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ 2006ರ ವರದಿಯಲ್ಲಿ ಬೇರೆಯವರ ಸಿಗರೇಟ್ ಹೊಗೆಗೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಈ ತೊಂದರೆ ನಿಮ್ಮ ಮನೆಯೊಂದರದ್ದಲ್ಲ. ಭಾರತದಲ್ಲಿ 2016–17ರಲ್ಲಿ ತಂಬಾಕು ಬಳಕೆಯ ಬಗ್ಗೆ ನಡೆದ ಗ್ಯಾಟ್ಸ್ ಎಂಬ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ 38.7 ಮಂದಿ ಮನೆಯಲ್ಲೇ ಬೇರೆಯವರ ಹೊಗೆ ಉಸಿರಾಡುತ್ತಿದ್ದಾರೆ ಎಂದು ಕಂಡುಬಂತು. ಸಾರ್ವಜನಿಕ ಜಾಗಗಳಲ್ಲಿ ಸೇದುವುದನ್ನು ಕೋಟ್ಪಾ ಎಂಬ ತಂಬಾಕು ನಿಯಂತ್ರಣ ಕಾಯ್ದೆ ತಡೆಯುತ್ತದೆ. ಸ್ವಂತ ಮನೆಯ ಬಾತ್‌ರೂಮಿಗೆ ಅದು ಬರುವುದಿಲ್ಲ. ಆದ್ದರಿಂದ ನಿಮಗೆ ಉಳಿದಿರುವುದು ಮಾತುಕತೆ ಮತ್ತು ದುರಸ್ತಿ.

ದುರಸ್ತಿಯ ಬಗ್ಗೆ ಹೇಳಿಬಿಡುತ್ತೇನೆ, ಇದರಿಂದ ಬೇಗ ಫಲ ಸಿಗಬಹುದು. ಟಿಶ್ಯೂ ಪೇಪರಿನ ತೆಳುವಾದ ಪಟ್ಟಿಯೊಂದನ್ನು ಹರಿದುಕೊಳ್ಳಿ. ಬಾತ್‌ರೂಮಿನ ವೆಂಟಿಲೇಟರ್ ಸಂದಿಗೆ, ಗೋಡೆಯಲ್ಲಿ ಪೈಪ್ ಹಾದುಬರುವ ಕಡೆಗೆ ಒಂದೊಂದಾಗಿ ಹಿಡಿದು ನೋಡಿ. ಪಟ್ಟಿ ಒಳಮುಖವಾಗಿ ವಾಲಿದರೆ ಡಕ್ಟಿನ ಗಾಳಿ ನಿಮ್ಮ ಮನೆಗೆ ಬರುತ್ತಿದೆ ಎಂದು ಅರ್ಥ. ಈಗ ಅಡುಗೆಮನೆಯ ಚಿಮಣಿಯನ್ನೋ ಎಕ್ಸಾಸ್ಟ್ ಫ್ಯಾನನ್ನೋ ಹಾಕಿ ಮತ್ತೆ ನೋಡಿ. ಬಹಳ ಮನೆಗಳಲ್ಲಿ ಪಟ್ಟಿ ಇನ್ನೂ ಜೋರಾಗಿ ಒಳಗೆ ವಾಲುತ್ತದೆ. ಚಿಮಣಿ ಗಾಳಿಯನ್ನು ಹೊರಗೆ ತಳ್ಳುತ್ತದೆ, ಆ ಖಾಲಿ ಜಾಗ ತುಂಬಲು ಡಕ್ಟಿನಿಂದ ಗಾಳಿ ಬರುತ್ತದೆ, ಜೊತೆಗೆ ಹೊಗೆಯೂ ಬರುತ್ತದೆ. ರಾತ್ರಿ ಅಡುಗೆ ಹೊತ್ತಿಗೇ ನಿಮಗೆ ತೊಂದರೆ ಜಾಸ್ತಿ ಎಂದಾದರೆ ಇದೇ ಕಾರಣ ಇರಬಹುದು. ಚಿಮಣಿ ಹಾಕುವಾಗ ಅಡುಗೆಮನೆಯ ಹೊರಗೋಡೆಯ ಕಿಟಕಿ ಒಂದನ್ನು ತೆರೆದಿಡಿ, ಬಾತ್‌ರೂಮಿನ ಬಾಗಿಲು ಮುಚ್ಚಿಡಿ. ಪೈಪ್ ಸುತ್ತಲಿನ ಸಂದಿಗಳನ್ನು ಸಿಲಿಕೋನ್ ಹಾಕಿ ಮುಚ್ಚಿಸಿ. ಬಳಸದ ಬಾತ್‌ರೂಮಿನ ನೆಲದ ಜಾಲಿಗೆ ವಾರಕ್ಕೊಮ್ಮೆ ನೀರು ಹಾಕಿ, ಜಾಲಿಯ ಕೆಳಗೆ ನೀರು ನಿಂತು ಗಾಳಿ ತಡೆಯುವ ಟ್ರ್ಯಾಪ್ ಒಣಗಿದರೆ ಅದರ ಮೂಲಕವೂ ಗಾಳಿ ಬರುತ್ತದೆ. ನಿಮ್ಮ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನಿಗೆ ನಿಂತಾಗ ತಾನೇ ಮುಚ್ಚಿಕೊಳ್ಳುವ ಷಟರ್ ಹಾಕಿಸಿ.

ಆದರೆ ನಾಣ್ಯದ ಪರೀಕ್ಷೆ ಮುಗಿಯುವವರೆಗೆ ಇವು ಯಾವುದನ್ನೂ ಮುಟ್ಟಬೇಡಿ. ಮೊದಲು ಹತ್ತು ದಿನದ ಅಂಕಗಳು ಕೈಯಲ್ಲಿರಲಿ. ಆಮೇಲೆ ಸಂದಿ ಮುಚ್ಚಿಸಿ, ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ಇನ್ನು ಹತ್ತು ದಿನ ಬರೆಯಿರಿ. ನಿಮ್ಮ ವಾಸನೆಯ ಅಂಕ ಇಳಿಯುತ್ತದೆಯೇ ಎಂದು ನೀವು ನೋಡುತ್ತೀರಿ. ನಾನಾದರೆ ಮೊದಲು ತೆರೆದು ನೋಡುವುದು ಅತ್ತೆಯವರ ಕೆಮ್ಮಿನ ಹಾಳೆಯನ್ನು.